ಕ, ಬ, ಡ್ಡಿ

ಮೊದಲ ವರ್ಷ ನಾನು ತೆಗೆದದ್ದೆಲ್ಲ ಬೆನ್ನು.
ಬೆನ್ನು, ಬೆನ್ನಿನ ಮೇಲಿನ ನಂಬರು, ಅರ್ಧ ಮೊಣಕೈ,
ಅಂಪೈರನ ಹೊಟ್ಟೆ, ಅದರ ಮೇಲೆ ತೂಗುವ ಸೀಟಿ,
ಯಾರೋ ಬಿದ್ದೆದ್ದು ಹೋದ ಮೇಲಿನ ಧೂಳು.
ಮದುವೆಯ ಕೈ ನನ್ನದು. ಹಟ್ಟಿ ಕ್ಯಾಂಪಿನಲ್ಲಿ ಸ್ಟುಡಿಯೊ.
‘ಒಂಚೂರು ನಗ್ರಿ’ ಅಂದರೆ ನಿಲ್ಲುವ ಜನ ಗೊತ್ತು ನನಗೆ;
ನಿಲ್ಲದವರ ಹಿಂದೆ ಕ್ಯಾಮೆರಾ ಹಿಡಿದು
ಕರು ತಪ್ಪಿಸಿಕೊಂಡಮೇಲೆ ಹಗ್ಗ ಹಿಡಿದು ನಿಂತವನ ಹಾಗೆ ನಿಂತೆ.

ಲೆನ್ಸು ಬದಲಿಸಿದೆ. ಸಿಂಧನೂರಿನ ಗೆಳೆಯನಿಂದ ತಂದದ್ದು,
ಉದ್ದದ್ದು, ರುಬ್ಬುಗುಂಡಿನಷ್ಟು ಭಾರದ್ದು.
ಶಟರ್ ಏರಿಸಿದೆ. ಸೆಕೆಂಡಿನ ಐನೂರನೆಯ ಪಾಲು, ಸಾವಿರದ ಪಾಲು.
ಹ್ಯಾಲೊಜನ್ ಬೆಳಕು ಅದಕ್ಕೆ ಸಾಲದೆ ಚಿತ್ರ ಕತ್ತಲಾಯಿತು.
ಐಎಸ್‌ಒ ಏರಿಸಿದೆ; ಹುಡುಗಿಯರ ಮುಖದ ತುಂಬ
ಜೋಳದ ನುಚ್ಚು ಎರಚಿದ ಹಾಗೆ ಕಾಳು ಕಾಳು.
ನೆಲಕ್ಕೆ ಕೂತೆ. ಅದೊಂದು ಸರಿಹೋಯಿತು.
ಕೆಳಗಿಂದ ನೋಡಿದರೆ ಪ್ರತಿಯೊಬ್ಬರ ಹಿಂದೂ ಕಪ್ಪು ಆಕಾಶ,
ಶಾಮಿಯಾನ, ಕುರ್ಚಿ, ಗಣ್ಯರ ಶಾಲು ಯಾವುದೂ ಇಲ್ಲ.

ಆದರೂ ತಡ. ಪ್ರತಿ ಸಲ ಒಂದು ಕೂದಲೆಳೆ ತಡ.
ಕಣ್ಣು ಕಂಡು, ಬೆರಳಿಗೆ ಹೇಳಿ, ಬೆರಳು ಒಪ್ಪಿ ಒತ್ತುವ ಹೊತ್ತಿಗೆ
ಮುಟ್ಟಿದವಳು ಮುಟ್ಟಿ ಗೆರೆ ದಾಟಿರುತ್ತಿದ್ದಳು.

‘ಕಣ್ಣಿಲೆ ಹಿಡೀತಿಯಲ್ಲೋ, ಅದಕ್ಕ ತಡ ಆಗತೈತಿ’ ಅಂದ
ಅಂಕಣದ ಮೂಲೆಯಲ್ಲಿ ಶೇಂಗಾ ಸುಲಿಯುತ್ತಿದ್ದ ದೌಲಸಾಬ,
ಇಪ್ಪತ್ತೆಂಟು ವರ್ಷ ಚಿನ್ನದ ಗಣಿಯ ಒಳಗೆ ಇದ್ದವನು.
‘ಮದ್ದು ಹಾರಿಸಿದ ಮ್ಯಾಲ ಒಳಗ ಹೋಗಿ
ಸರಳಿಲೆ ನೆತ್ತಿ ಮ್ಯಾಲಿನ ಕಲ್ಲು ಬಡೀತಿದ್ವಿ.
ಗಟ್ಟಿ ಇದ್ರ ಗಂಟಿ ಹಂಗ ಅಂತಿತ್ತು.
ಸಡ್ಲ ಇದ್ರ ಒಡಕ ಗಡಿಗಿ.
ಗಡಿಗಿ ಅಂದ ಕೂಡಲೆ ಹಿಂದ ಸರೀಬೇಕು,
ನೋಡಕೋತ ನಿಂತವ ಉಳಿದಿಲ್ಲ.
ಆ ಹುಡುಗಿ ಉಸುರು ಕೇಳು.
ಜಿಗಿಯೂಕಿಂತ ಮೊದಲ ದನಿ ಸಡ್ಲ ಆಗತೈತಿ.’

ಕೇಳಿದೆ. ಎರಡು ಸಂಜೆ ಲೆನ್ಸಿನ ಮುಚ್ಚಳ ತೆಗೆಯದೆ ಕೇಳಿದೆ.
ಮಸ್ಕಿ ಕಾಲೇಜಿನ ಹುಲಿಗೆಮ್ಮ.
ಗೆರೆ ದಾಟುವಾಗ ಹೊಲಿಗೆ ಮಿಷನ್ನಿನ ಹಾಗೆ ಒಂದೇ ಸಮ;
ಎಡಗಾಲು ಬೀಸುವ ಮೊದಲು ಒಂದು ಕಬಡ್ಡಿ ಉದ್ದ,
ಆಮೇಲಿನದು ಗಿಡ್ಡ.
ಆ ಉದ್ದ ಗಿಡ್ಡಗಳ ನಡುವೆ ಇತ್ತು ನನ್ನ ಫೋಟೊ,
ಯಾವತ್ತೂ ಅಲ್ಲೇ ಇತ್ತು.

ಫೈನಲಿನ ರಾತ್ರಿ, ಪಾಳಿ ಬಿಡುವ ಸೈರನ್ ಕೂಗಿ ನಿಂತ ಮೇಲೆ,
ಆ ಉದ್ದದ್ದು ಬಂತು. ಒತ್ತಿದೆ.
ಗಾಳಿಯಲ್ಲಿ ಅಡ್ಡಕ್ಕೆ ಹುಲಿಗೆಮ್ಮ,
ಕಾಲ ಹೆಬ್ಬೆರಳು ಎದುರಿನವಳ ಮೊಣಕಾಲಿಗೆ ತಾಗಿ,
ಗಲ್ಲ ಬಿಟ್ಟ ಬೆವರಹನಿ ಇನ್ನೂ ನೆಲ ಕಂಡಿಲ್ಲ.
ಹುಬ್ಬಿನ ಕೂದಲು ಎಣಿಸಬಹುದು, ಅಷ್ಟು ಚೂಪು.
ತುಟಿ ಮಾತ್ರ ಮುಚ್ಚಿತ್ತು.

ಮರುದಿನ ಸೋತ ಟೀಮಿನ ಕೋಚ್ ಅಮರಗುಂಡಪ್ಪ ಬಂದ,
ಸ್ಕ್ರೀನಿಗೆ ಉಗುರು ಕುಟ್ಟಿದ.
‘ದಮ್ಮು ಬಿಟ್ಟಾಳ! ನೋಡ್ರಿ, ಬಾಯಿ ಮುಚ್ಯಾಳ!
ಇದರ ಪ್ರಿಂಟ್ ಹಾಕ್ರಿ, ಕಮಿಟಿಗೆ ಕೊಡತೀನಿ.’
ನನ್ನ ಮೊದಲ ಒಳ್ಳೆಯ ಫೋಟೊ
ನನ್ನೆದುರೇ ಸುಳ್ಳು ಸಾಕ್ಷಿ ನುಡಿಯುತ್ತಿತ್ತು,
ಕಿವಿಯಿಂದ ತೆಗೆದದ್ದು, ದನಿಯೇ ಇಲ್ಲದ್ದು.

‘ಸರ,’ ಅಂದೆ, ‘ಕಬಡ್ಡಿ ಅನ್ರಿ.’
ಅಂದ.
‘ಸಾವಕಾಶ ಅನ್ರಿ. ಬ ಅನ್ನೂವಾಗ ತುಟಿ ಏನಾದವು?’
ಮೂರು ಸಲ ಅಂದ, ಮದುಮಗಳು ಪೌಡರ್ ಹಚ್ಚಿಕೊಳ್ಳುವ
ಕನ್ನಡಿಯ ಮುಂದೆ ನಿಂತು.
ನಾಲ್ಕನೆಯದು ಅನ್ನಲಿಲ್ಲ.
ಪ್ರಿಂಟ್ ಮಾತ್ರ ಬಿಡಲಿಲ್ಲ, ನಲವತ್ತು ರೂಪಾಯಿ ಎಣಿಸಿಟ್ಟು ಒಯ್ದ.

ಲೆಕ್ಕ ಹಾಕುತ್ತಿದ್ದೇನೆ ಈಗ.
ಬೆರಳಿಗೂ ಚಿತ್ರಕ್ಕೂ ನಡುವೆ ಒಂದು ಅಕ್ಷರದ ದಾರಿ ಇದೆ.
ಕ ಅಂದಾಗ ಒತ್ತಿದರೆ ಬ ಸಿಗುತ್ತದೆ.
ಹಲ್ಲು ಕಾಣುವ ಡ್ಡಿ ಬೇಕೆಂದರೆ
ತುಟಿ ಕೂಡಿದಾಗಲೇ ಒತ್ತಿಬಿಡಬೇಕು.
ರಾತ್ರಿ ಊಟವಾದ ಮೇಲೆ ಮಗಳನ್ನು ಎದುರಿಗೆ ಕೂರಿಸಿಕೊಂಡು
ಅನ್ನಿಸುತ್ತೇನೆ, ಉಸಿರು ಮುಗಿಯುವ ತನಕ.
ಐದಾರಕ್ಕೇ ಅವಳಿಗೆ ನಗು ಬರುತ್ತದೆ,
ಕ್ಯಾಮೆರಾ ಹಿಡಿದ ಇಷ್ಟು ವರ್ಷದಲ್ಲಿ ಮೊದಲ ಸಲ
‘ಒಂಚೂರು ನಗಬ್ಯಾಡವ್ವ’ ಅನ್ನುತ್ತೇನೆ.